ಒದ್ದೆಯ ಒಕ್ಕಲುಗಳು

ಮಂಗಳೂರಿನಲ್ಲಿ ಜೂನ್ ತಿಂಗಳ ಮಳೆ ಒಮ್ಮೆ ಹಿಡಿಯಿತೆಂದರೆ ಉಪ್ಪಿನ ಭರಣಿಯಲ್ಲಿ ನೀರೂರುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ, ಬಚ್ಚಲಿನ ಹೊಸ್ತಿಲ ಬಳಿ ಇಂಗ್ಲಿಷಿನಲ್ಲಿ ವುಡ್‌ಲೌಸ್ ಎನ್ನುವ ಬೂದುಬಣ್ಣದ ಪುಟ್ಟ ಜೀವಿಗಳು ಹರಿದಾಡತೊಡಗುತ್ತವೆ. ಅವುಗಳಲ್ಲಿ ಕೆಲವು ಮುಟ್ಟಿದೊಡನೆ ಉಂಡೆಯಾಗುತ್ತವೆ. ನೋಟಕ್ಕೆ ಹುಳುವಿನಂತಿದ್ದರೂ ವಂಶಾವಳಿ ಕೆದಕಿದರೆ ಇವು ಮಲ್ಪೆ ಬಂದರಿನಲ್ಲಿ ಬುಟ್ಟಿ ತುಂಬುವ ಸಿಗಡಿ, ಏಡಿಗಳ ದಾಯಾದಿಗಳು. ಏಳು ಜೊತೆ ಕಾಲಿನ ಈ ಕುಲ ಕಡಲನ್ನು ಬಿಟ್ಟು ನೆಲಕ್ಕೆ ಬಂದು ಕೋಟ್ಯಂತರ ವರ್ಷಗಳಾದರೂ ಹಳೆಯ ಪದ್ಧತಿಯನ್ನು ಪೂರ್ತಿ ತೊರೆದಿಲ್ಲ: ಹೊಟ್ಟೆಯಡಿಯ ಕಿವಿರಿನಂಥ ಅಂಗಗಳು ತೇವವಾಗಿದ್ದರೆ ಮಾತ್ರ ಇವುಗಳ ಉಸಿರು ಸಾಗುತ್ತದೆ, ಮೊಟ್ಟೆಗಳನ್ನು ಕೂಡ ಹೆಣ್ಣು ದ್ರವ ತುಂಬಿದ ಚೀಲವೊಂದರಲ್ಲಿ ಹೊಟ್ಟೆಗೆ ಕಟ್ಟಿಕೊಂಡೇ ತಿರುಗುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ, ಕೊಳೆತ ಎಲೆಯೂ ಲಡ್ಡುಹಿಡಿದ ಮರವೂ ಇವಕ್ಕೆ ಊಟ.

ಆದ್ದರಿಂದ ಔಷಧಿ ಸಿಂಪಡಿಸಿ ಗೆದ್ದೆವೆಂದುಕೊಳ್ಳುವವರನ್ನು ಕಂಡರೆ ನನಗೆ ಮರುಕ. ಸತ್ತವುಗಳ ಜಾಗಕ್ಕೆ ಬಿರುಕಿನಿಂದ ಬೇರೆಯವು ಬರುತ್ತವೆ, ಏಕೆಂದರೆ ಅವನ್ನು ಕರೆದದ್ದು ಗೋಡೆಯ ಒದ್ದೆ. ನಮ್ಮ ಕೆಂಪುಕಲ್ಲಿಗೆ ಮೈತುಂಬ ರಂಧ್ರ. ನೆಲದ ನೀರನ್ನು ಹೀರಿ ಮೇಲೇರಿಸುವುದು ಅದರ ಗುಣ. ಇದನ್ನು ಬಲ್ಲ ಹಿಂದಿನವರು ಮನೆಯ ಪಂಚಾಂಗವನ್ನು, ಅಂದರೆ ತಳಪಾಯದ ಕಟ್ಟೆಯನ್ನು, ಎತ್ತರಿಸಿ, ಹಂಚಿನ ಮಾಡನ್ನು ಗೋಡೆಯಿಂದ ಧಾರಾಳವಾಗಿ ಹೊರಚಾಚಿಸಿ, ಗಾಳಿಮಳೆ ಬಡಿಯುವ ಪಡುವಣ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಬಚ್ಚಲೊಲೆಯ ಬೆಂಕಿ ಆರದಂತೆ ನೋಡಿಕೊಳ್ಳುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದ ಈ ಊರಿನಲ್ಲಿಯೇ ಈಗ ಹೊರಚಾಚಿದ ಸೂರಿಲ್ಲದ ಚೌಕದ ಮನೆಗಳು ಏಳುತ್ತಿವೆ. ಮಳೆ ನೇರವಾಗಿ ಗೋಡೆಗೇ ಬೀಳುತ್ತದೆ.

ಕಿಟಕಿ ತೆರೆದಿಡಿ ಎಂಬ ಸಲಹೆ ಘಟ್ಟದ ಮೇಲಿನವರಿಗೆ ಸರಿಹೋದೀತು. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಇಲ್ಲಿ ಹೊರಗಿನ ಗಾಳಿಯೂ ಒಳಗಿನಷ್ಟೇ ಒದ್ದೆ. ಕಪಾಟನ್ನು ಗೋಡೆಯಿಂದ ಗೇಣುದ್ದ ಸರಿಸುವುದು, ಹಳೆಯ ಪತ್ರಿಕೆಗಳ ರಾಶಿಯನ್ನೂ ಗೋಡೆಗೊರಗಿಸಿದ ತೆಂಗಿನ ಸಿಪ್ಪೆಯನ್ನೂ ತೆಗೆಸುವುದು, ಸೋರುವ ನಲ್ಲಿಯನ್ನು ಸರಿಪಡಿಸುವುದು ಮಳೆಗಾಲದಲ್ಲಿಯೂ ಆಗುವ ಕೆಲಸಗಳು. ಗೋಡೆಯ ವಿಷಯ ಹಾಗಲ್ಲ. ಚೌತಿಗೆ ಮುಂಚೆ ಬಣ್ಣ ಆಗಬೇಕೆಂದು ಮನೆಯವರು ಹಟ ಹಿಡಿಯುತ್ತಾರೆ. ನೀರು ಕುಡಿದ ಗೋಡೆ ಆ ಬಣ್ಣವನ್ನು ಗುಳ್ಳೆಯೆಬ್ಬಿಸಿ ಉದುರಿಸುತ್ತದೆ. ಬಿರುಕು ಮುಚ್ಚಿಸುವುದಕ್ಕೂ ಬಣ್ಣ ಹೊಡೆಸುವುದಕ್ಕೂ ಫೆಬ್ರವರಿ, ಮಾರ್ಚ್‌ಗಳೇ ತಕ್ಕ ಕಾಲವೆಂದು ನಾನು ಪ್ರತಿ ಸಲವೂ ಹೇಳುತ್ತೇನೆ. ಪೈಂಟಿನ ಡಬ್ಬಿ ಮಾತ್ರ ಪ್ರತಿ ಸಲವೂ ಚೌತಿಗೇ ಬರುತ್ತದೆ.