ಬೆಂಕಿ ಆರಿದ 14ನೇ ತಿಂಗಳಲ್ಲಿ ನೀವೆಲ್ಲ ಎಲ್ಲಿರ್ತೀರಿ?

ಕಾಡ್ಗಿಚ್ಚಿನ ಸುದ್ದಿ ಬಂದ ಮೂರನೇ ದಿನಕ್ಕೆ ಹಳೇ ಬಟ್ಟೆ ಲಾರಿಗಟ್ಟಲೆ ಬಂದು ಬೀಳುತ್ತೆ. ಒಗೆಯದ ಸ್ವೆಟರು, ಒಂಟಿ ಬೂಟು, ಜಿಪ್ಪು ಕಿತ್ತ ಬ್ಯಾಗು. ಇರೋ ನಾಲ್ಕು ಜನ ಸ್ವಯಂಸೇವಕರು ಅದನ್ನ ವಿಂಗಡಿಸೋದರಲ್ಲೇ ಹೈರಾಣಾಗ್ತಾರೆ. ಸುಟ್ಟಿದ್ದು ಬೀರು ಮಾತ್ರ ಅಲ್ಲ ಸ್ವಾಮಿ, ಇಡೀ ಮನೆ. ಕೊಟ್ಟ ಬಟ್ಟೆ ಎಲ್ಲಿಡಬೇಕು ಅವರು? ದುಡ್ಡು ಕೊಡಿ ಅಂದ್ರೆ ಮಾತ್ರ "ಯಾತಕ್ಕೆ ಖರ್ಚು ಮಾಡ್ತಾರೋ ಏನೋ" ಅಂತ ರಾಗ ಎಳೀತಾರೆ. ಕನ್ನಡಕಕ್ಕೆ, ಬಾಡಿಗೆ ಮನೆ ಅಡ್ವಾನ್ಸಿಗೆ, ಸುಟ್ಟುಹೋದ ದಾಖಲೆಗಳ ನಕಲಿಗೆ ಕಟ್ಟೋ ಶುಲ್ಕಕ್ಕೆ. ಇನ್ಯಾತಕ್ಕೆ?

ಇದನ್ನಾದರೂ ನುಂಗಿಕೊಳ್ಳಬಹುದು. ಮೈ ಉರಿಯೋದು ವರ್ಷ ಕಳೆದ ಮೇಲೆ ಬರೋ ಪ್ರಶ್ನೆಗೆ: "ಇನ್ನೂ ಮನೆ ಕಟ್ಟಿಲ್ವಾ?"

ಕಟ್ಟೋದಕ್ಕೆ ಮುಂಚೆ ಏನೇನಾಗಬೇಕು ಗೊತ್ತಾ? ಹಳೇ ಮನೆಯ ಬೂದಿಯಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಸೀಸ, ಆರ್ಸೆನಿಕ್ ಇರಬಹುದು. ಹಾಗಾಗಿ ಮೊದಲು ಕಲ್ನಾರಿನ ತಪಾಸಣೆ, ಆಮೇಲೆ ಬೂದಿ ಮತ್ತು ಲೋಹದ ತೆರವು, ಆಮೇಲೆ ಹಳೇ ತಳಪಾಯದ ತೆರವು. ಬೆಂಕಿಯ ಕಾವಿಗೆ ಕಾಂಕ್ರೀಟು ಬಲ ಕಳ್ಕೊಂಡಿರಬಹುದು, ನೋಡೋಕೆ ಗಟ್ಟಿ ಇದೆ ಅಂತ ಅದರ ಮೇಲೇ ಗೋಡೆ ಎಬ್ಬಿಸೋ ಹಾಗಿಲ್ಲ. ಆಮೇಲೆ ಮೇಲ್ಮಣ್ಣು ಕೆರೆದು ಮಾದರಿ ಲ್ಯಾಬಿಗೆ ಕಳಿಸಬೇಕು. ಅಲ್ಲಿ ಫೇಲಾದರೆ ಮತ್ತೆ ಕೆರೆತ, ಮತ್ತೆ ಲ್ಯಾಬು. ಇಷ್ಟಾದ ಮೇಲೆ ನಕ್ಷೆ, ಪರವಾನಗಿ. ಅಷ್ಟರಲ್ಲಿ ಅದೇ ಎಂಜಿನಿಯರ್, ಅದೇ ಗುತ್ತಿಗೆದಾರನ ಬಾಗಿಲಲ್ಲಿ ಊರಿಗೆ ಊರೇ ಸಾಲು ನಿಂತಿರುತ್ತೆ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿಗೆ 2018ರ ನವೆಂಬರ್ 8ರಂದು ಕ್ಯಾಂಪ್ ಫೈರ್ ಅನ್ನೋ ಕಾಡ್ಗಿಚ್ಚು ನುಗ್ಗಿತು. 85 ಜನ ಸತ್ತರು, 18 ಸಾವಿರಕ್ಕೂ ಹೆಚ್ಚು ಕಟ್ಟಡ ನಾಶವಾದವು. ಐದು ವರ್ಷ ಆದ ಮೇಲೂ ಆ ಊರಲ್ಲಿ ಹಿಂದಿನ ಅರ್ಧದಷ್ಟು ಜನವೂ ಇರಲಿಲ್ಲ. ದುಡ್ಡಿರೋ ದೇಶದ ಕತೆ ಇದು. ಇನ್ನು ಹನ್ನೆರಡು ತಿಂಗಳಲ್ಲಿ ಗೃಹಪ್ರವೇಶ ಕೇಳ್ತೀರಲ್ಲ!

ಸಹಾಯಕ್ಕೆ ಅಂತ ಬಂದು ಒಣ ಬೂದಿಯನ್ನ ಪೊರಕೆಯಲ್ಲಿ ಗುಡಿಸೋರು, ಬ್ಲೋವರ್ ಹಿಡಿದು ಊದೋರು ಬೇರೆ. ಮೊದಲು ಮಂಜಿನಂತೆ ನೀರು ಚಿಮುಕಿಸಿ. ಹಾಗಂತ ಒದ್ದೆ ಬೂದಿಗೆ ಬರಿಗೈ ಹಾಕಬೇಡಿ, ಅದರ ಕ್ಷಾರ ಚರ್ಮ ಸುಡುತ್ತೆ. ಕರ್ಚೀಫು ಕಟ್ಟಿಕೊಂಡರೆ ಸಾಲದು, ಮೂಗಿಗೆ ಸರಿಯಾಗಿ ಕೂರೋ ಎನ್-95 ಮಾಸ್ಕು ಬೇಕು. ಬೂದಿ ಮೆತ್ತಿದ ಬೂಟಲ್ಲೇ ಮಕ್ಕಳಿರೋ ಕಡೆ ಕಾಲಿಡಬೇಡಿ.

ಮನೆ ಉಳಿದವರನ್ನಂತೂ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ. "ನಿಮ್ಮದು ಉಳೀತಲ್ಲ, ಅದೃಷ್ಟ" ಅಂದು ಕೈ ತೊಳ್ಕೊಳ್ತಾರೆ. ನಲ್ಲಿ ತಿರುಗಿಸಿದರೆ ಬರೋ ನೀರಿನ ಕತೆ ಕೇಳಿ. ಬೆಂಕಿಯ ಹೊತ್ತಲ್ಲಿ ಕೊಳವೆಗಳ ಒತ್ತಡ ಬಿದ್ದುಹೋದರೆ ಅವು ಹೊಗೆಯನ್ನ ಒಳಗೆ ಎಳ್ಕೊಳ್ತವೆ, ಪ್ಲಾಸ್ಟಿಕ್ ಪೈಪು ಕಾದು ತಾನೇ ವಿಷ ಬಿಡುತ್ತೆ. 2017ರ ಬೆಂಕಿಯ ನಂತರ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ, 2018ರ ನಂತರ ಪ್ಯಾರಡೈಸಿನಲ್ಲಿ ಕುಡಿಯೋ ನೀರಲ್ಲಿ ಕ್ಯಾನ್ಸರ್ ತರೋ ರಾಸಾಯನಿಕ ಬೆಂಜೀನ್ ಸಿಕ್ಕಿತ್ತು. ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೊಗ್ರಾಂ. ಅದು ಪೈಪಿನ ಗೋಡೆಗೆ ಇಂಗಿಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಬಿಟ್ಕೊಳ್ತಾ ಇರುತ್ತೆ. ಹತ್ತು ನಿಮಿಷ ನಲ್ಲಿ ಬಿಟ್ಟು ಮಾದರಿ ಹಿಡಿದರೆ ವರದಿ ಚೆನ್ನಾಗೇ ಬರುತ್ತೆ, ಯಾಕಂದ್ರೆ ಕೆಟ್ಟ ನೀರು ಆಗಲೇ ಚರಂಡಿ ಸೇರಿರುತ್ತೆ! 72 ಗಂಟೆ ನಲ್ಲಿ ತಿರುಗಿಸದೆ ನೀರನ್ನ ಪೈಪಲ್ಲೇ ನಿಲ್ಲೋಕೆ ಬಿಟ್ಟು, ಮೊದಲು ಬರೋದನ್ನೇ ಹಿಡೀಬೇಕು. "ಕುದಿಸಿ ಕುಡೀರಿ" ಅಂತ ಉಪದೇಶ ಮಾಡೋರಿಗೆ ದೊಡ್ಡ ನಮಸ್ಕಾರ. ಕುದಿಸಿದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೇ ಸೇರುತ್ತೆ.

ಈಗ ವಿಮೆ. ಸುಟ್ಟ ವಸ್ತುಗಳ ಪಟ್ಟಿ ಕೊಡಿ, ಯಾವಾಗ ಕೊಂಡಿದ್ದು, ಎಷ್ಟಕ್ಕೆ, ಬಿಲ್ಲು ಎಲ್ಲಿ ಅಂತ ಕೇಳ್ತಾರೆ. ಬಿಲ್ಲು ಬೂದಿಯಲ್ಲಿದೆ! ಅಡುಗೆಮನೆಯ ಎರಡನೇ ಡ್ರಾಯರಿನಲ್ಲಿ ಎಷ್ಟು ಚಮಚ ಇತ್ತು ಅಂತ ನೆನಪಿಸಿಕೊಳ್ಳೋಕೆ ಹೋಗಿ, ಸತ್ತ ಅಮ್ಮನ ಸೌಟು ನೆನಪಾಗಿ ಪೆನ್ನು ಕೆಳಗಿಟ್ಟುಬಿಡ್ತಾರೆ. ಪಟ್ಟಿ ಅಲ್ಲಿಗೇ ನಿಲ್ಲುತ್ತೆ. ನಿಜವಾಗಿ ಸಹಾಯ ಮಾಡೋದಾದರೆ ಇಲ್ಲಿ ಕೂರಿ. ದಿನಕ್ಕೆ ಒಂದೇ ಕೋಣೆ, ಮುಕ್ಕಾಲು ಗಂಟೆ ಸಾಕು. ನೀವು ಬರೀರಿ, ಅವರು ಹೇಳಲಿ. ಬಾಗಿಲಿಂದ ಶುರು ಮಾಡಿ ಗೋಡೆಗುಂಟ ಒಂದು ಸುತ್ತು ಬನ್ನಿ. ನೆಂಟರ ಫೋನಲ್ಲಿರೋ ಹುಟ್ಟುಹಬ್ಬದ ಫೋಟೊಗಳ ಹಿನ್ನೆಲೆ ನೋಡಿ, ಕಪಾಟು, ಟಿವಿ, ಪರದೆ ಎಲ್ಲ ಅಲ್ಲಿರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟು, ಆನ್‌ಲೈನ್ ಆರ್ಡರುಗಳ ಇತಿಹಾಸ ತೆಗೆಸಿ. ಸವಕಳಿ (ವಸ್ತು ಹಳೆಯದಾದ್ದಕ್ಕೆ ಬೆಲೆಯಲ್ಲಿ ಕಡಿತ) ಕಳೆದು ಮೊದಲ ಕಂತು ಕೊಡೋ ಪಾಲಿಸಿಗಳಲ್ಲಿ ಬಾಕಿ ಮೊತ್ತ ಸಿಗೋದು ಹೊಸದು ಕೊಂಡು ಬಿಲ್ಲು ಕೊಟ್ಟ ಮೇಲೇ, ಅದಕ್ಕೂ ಗಡುವು ಇರುತ್ತೆ. ಗಡುವು ದಾಟಿಸಿಕೊಂಡು ಬರಬೇಕಾದ ದುಡ್ಡನ್ನೇ ಬಿಟ್ಟುಬಿಡೋ ಕುಟುಂಬಗಳು ಎಷ್ಟೋ. ತಾತ್ಕಾಲಿಕ ಬಾಡಿಗೆ ಕೊಡೋ ಭಾಗಕ್ಕೂ ಕೊನೆ ತಾರೀಖು ಇದೆ, ಸಾಮಾನ್ಯವಾಗಿ ಒಂದೆರಡು ವರ್ಷ. ಮನೆ ಇನ್ನೂ ಲಿಂಟಲ್ ಮಟ್ಟದಲ್ಲಿರುತ್ತೆ, ಬಾಡಿಗೆ ನಿಂತುಹೋಗುತ್ತೆ.

ಬಾಡಿಗೆದಾರರಿಗೆ ಇದೂ ಇಲ್ಲ. ಮಾಲೀಕನ ವಿಮೆ ಇವರ ಒಂದು ತಟ್ಟೆಗೂ ಬರಲ್ಲ. "ಎಷ್ಟು ಮನೆ ಕಟ್ಟಿಸಿದೆವು" ಅನ್ನೋ ಲೆಕ್ಕದಲ್ಲಿ ಇವರ ಹೆಸರೇ ಇರಲ್ಲ.

ಇನ್ನು ಕಚೇರಿಗಳು. ಪ್ರತಿ ಟೇಬಲ್ಲಿನ ಮುಂದೆ ಅದೇ ಕತೆ, ಅದೇ ಫಾರಂ, ಅದೇ ಕಣ್ಣೀರು. ಒಂದು ಕುಟುಂಬಕ್ಕೆ ನೆರವಿನ ದಾರಿ ತೋರಿಸೋಕೆ ಒಬ್ಬರೇ ಕಾರ್ಯಕರ್ತರು, ಒಂದೇ ಕಡತ, ಮಾಹಿತಿ ಹಂಚಿಕೊಳ್ಳೋಕೆ ಒಂದೇ ಒಪ್ಪಿಗೆ ಪತ್ರ. ಇಷ್ಟು ಮಾಡೋಕೆ ಏನು ರೋಗ? ಅಮೆರಿಕದಲ್ಲಿ ಕೇಂದ್ರ ಸರ್ಕಾರ ಈ ಕಾರ್ಯಕರ್ತರಿಗೆ ಕೊಡೋ ಅನುದಾನದ ಸಾಮಾನ್ಯ ಅವಧಿ ವಿಕೋಪ ಘೋಷಣೆಯಿಂದ 24 ತಿಂಗಳು. ಕುಟುಂಬದ ಕೈಗೆ ಪರವಾನಗಿ ಬರೋ ಹೊತ್ತಿಗೆ ಕಾರ್ಯಕರ್ತರು ಗಂಟುಮೂಟೆ ಕಟ್ಟಿರ್ತಾರೆ. ದಾನಿಗಳೂ ಸ್ವಲ್ಪ ಕೇಳಿಸಿಕೊಳ್ಳಿ: ಒಂದೇ ಖರ್ಚಿಗೆ ಎರಡು ಕಡೆಯಿಂದ ಹಣ ಬಂದರೆ ಸರ್ಕಾರ ತನ್ನ ಪಾಲು ಕಡಿತ ಮಾಡೋ ನಿಯಮ ಅಲ್ಲಿದೆ. ಅಂಥ ಕಡೆ ಮೊದಲು ವಿಮೆ, ಆಮೇಲೆ ಸರ್ಕಾರ, ಉಳಿದ ಕೊರತೆಗೆ ನಿಮ್ಮ ಹಣ. ಅಂದ್ರೆ ಆ ಹಣ ಎರಡನೇ, ಮೂರನೇ ವರ್ಷಕ್ಕೆ ಬೇಕು. ನೀವೋ, ಎರಡನೇ ತಿಂಗಳಿಗೇ ಖರ್ಚು ಮಾಡಿ ವರದಿ ಅಚ್ಚು ಹಾಕಿಸಿರ್ತೀರಿ.

ಮನಸ್ಸಿನ ವಿಷಯಕ್ಕೂ ಇದೇ ಅವಸರ. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 173 ಜನರನ್ನ ಬಲಿ ತಗೊಂಡ ಬೆಂಕಿಯ ನಂತರ ಮೆಲ್ಬರ್ನ್ ವಿಶ್ವವಿದ್ಯಾಲಯ ವರ್ಷಾನುಗಟ್ಟಲೆ ಅಧ್ಯಯನ ನಡೆಸಿತು. ಹೆಚ್ಚು ಸುಟ್ಟ ಊರುಗಳಲ್ಲಿ ಖಿನ್ನತೆ, ಆಘಾತದ ತೊಂದರೆ ವರ್ಷಗಳ ನಂತರವೂ ಉಳಿದಿತ್ತು. ಆಪ್ತಸಮಾಲೋಚಕರು ಮಾತ್ರ ಆರನೇ ವಾರಕ್ಕೇ ಟೆಂಟು ಎತ್ತಿರ್ತಾರೆ. ಜೋರು ಗಾಳಿ ಬೀಸಿದ ದಿನ ಮಗು ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದರೆ ಮೇಷ್ಟ್ರಿಗೆ ಅದು ಬರೀ ಹಟ.

ಮಳೆಗಾಲದ ಮಾತಂತೂ ಯಾರ ಬಾಯಲ್ಲೂ ಇಲ್ಲ. ಸುಟ್ಟ ಇಳಿಜಾರಿನ ಮಣ್ಣು ನೀರು ಹೀರಲ್ಲ, ಹಿಡಿದಿಡೋಕೆ ಬೇರೂ ಇರಲ್ಲ. 2017ರ ಡಿಸೆಂಬರಿನಲ್ಲಿ ಥಾಮಸ್ ಫೈರ್ ಅನ್ನೋ ಕಾಡ್ಗಿಚ್ಚು ಸುಟ್ಟ ಬೆಟ್ಟದಿಂದ 2018ರ ಜನವರಿ 9ರಂದು ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಊರಿನ ಮೇಲೆ ಕೆಸರು, ಬಂಡೆ ಉರುಳಿಬಂದು 23 ಜನ ಹೋದರು. ಈ ಅಪಾಯ ಹಲವು ವರ್ಷ ಇರುತ್ತೆ. ಅಮೆರಿಕದ ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ ಜಾರಿಗೆ ಬರೋದು ಕೊಂಡ 30 ದಿನಕ್ಕೆ, ಮೋಡ ಕವಿದ ಮೇಲೆ ಓಡಿದರೆ ಆಗಲ್ಲ. ಬೆಟ್ಟದ ಬುಡದಲ್ಲಿರೋರಿಗೆ ಇದನ್ನ ಮೊದಲ ತಿಂಗಳೇ ಹೇಳಬೇಕು. ಹೇಳೋರು ಯಾರು? ಬಂದೋರೆಲ್ಲ ಕಂಬಳಿ ಹೊದಿಸಿ ಫೋಟೊ ತೆಗೆಸಿಕೊಂಡು ಹೊರಟಿರ್ತಾರೆ.