ಕಾಡಿಗೊಂದು ಎಡಸುತ್ತು

ಮನೆಯ ಕೆಲಸಕ್ಕೂ ಯೋಜನೆ ಹಾಕುವ ದುರಭ್ಯಾಸ ನನಗೆ ಕಚೇರಿಯಿಂದ ಅಂಟಿಕೊಂಡದ್ದು. ಏಪ್ರಿಲ್ ರಜೆಯಲ್ಲಿ ಅಪ್ಪ, ಅಮ್ಮ, ಹೆಂಡತಿ ಮತ್ತು ಏಳನೆಯ ತರಗತಿ ಮುಗಿಸಿದ್ದ ಮಗಳನ್ನು ಮೂರು ದಿನ ನಾಗರಹೊಳೆಯ ಕಡೆಗೆ ಕರೆದೊಯ್ಯುವುದೆಂದು ತೀರ್ಮಾನವಾದ ರಾತ್ರಿಯೇ ಎಕ್ಸೆಲ್ ಹಾಳೆಯೊಂದನ್ನು ತೆರೆದು, ಕಾಫಿಗೆ ಹದಿನೈದು ನಿಮಿಷ, ಇರ್ಪು ಜಲಪಾತಕ್ಕೆ ನಲವತ್ತೈದು ನಿಮಿಷ, ಹುಲಿಗೆ ಒಂದೂವರೆ ಗಂಟೆ ಎಂದು ಸಮಯವನ್ನು ಹಂಚಿ, ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣ ಬಳಿದೆ. ಹುಲಿಯ ಸಾಲಿಗೆ ಹಳದಿ ಬಣ್ಣ. ಅದನ್ನು ನೋಡಿದ ಹೆಂಡತಿ, “ರೀ, ಈ ಹಾಳೆಯ ಒಂದು ಪ್ರತಿಯನ್ನು ಹುಲಿಗೂ ಕಳಿಸಿಬಿಡಿ” ಎಂದಳು. ಅವಳ ಕುಹಕವನ್ನು ಆ ಹೊತ್ತಿನಲ್ಲಿ ನಾನು ಮೆಚ್ಚುಗೆ ಎಂದೇ ಭಾವಿಸಿದೆ.

ಏಪ್ರಿಲ್ ತಿಂಗಳನ್ನೇ ಆರಿಸಿದ್ದರ ಹಿಂದೆ ನನ್ನ ಅಧ್ಯಯನವಿತ್ತು. ಬೀಚನಹಳ್ಳಿಯ ಬಳಿ ಕಬಿನಿಗೆ 1974ರಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಹಿಂದಕ್ಕೆ ಸರಿಯುತ್ತದೆ. ಸರಿದ ಜಾಗದಲ್ಲಿ ಹಸಿಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಗಳು ಬತ್ತಿದ್ದರಿಂದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಇದನ್ನೆಲ್ಲ ಊಟದ ಹೊತ್ತಿಗೆ ಮನೆಯವರಿಗೆ ವಿವರಿಸಿದೆ. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತೆಂದೂ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತೆಂದೂ, ಅದರ ವಿಸ್ತಾರ 643 ಚದರ ಕಿಲೋಮೀಟರ್ ಎಂದೂ ಸೇರಿಸಿದೆ. ಆ 643 ಎಂಬ ಸಂಖ್ಯೆ ನನ್ನ ಬಾಯಿಂದ ಬಂದದ್ದು ನಿಜ, ತಲೆಗೆ ಮಾತ್ರ ಹೋಗಿರಲಿಲ್ಲ. ಹೋಗಿದ್ದರೆ, ಮೊದಲ ರಾತ್ರಿಯ ವಾಸ್ತವ್ಯವನ್ನು ಕಾಡಿನ ಪಶ್ಚಿಮದ ಅಂಚಿನಲ್ಲಿರುವ ಕುಟ್ಟದಲ್ಲಿಯೂ, ಮರುದಿನ ಬೆಳಗಿನ ಸಫಾರಿಯನ್ನು ಪೂರ್ವದಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ದಮ್ಮನಕಟ್ಟೆಯಲ್ಲಿಯೂ ಕಾಯ್ದಿರಿಸುತ್ತಿರಲಿಲ್ಲ. ಫೋನಿನ ನಕ್ಷೆಯಲ್ಲಿ ನಾಗರಹೊಳೆ ಎಂಬುದು ಒಂದು ಹಸಿರು ತೇಪೆ. ಅದರ ಈ ಬದಿಯಿಂದ ಆ ಬದಿಗೆ ನನ್ನ ಹೆಬ್ಬೆರಳಿನಷ್ಟೇ ದೂರವಿತ್ತು.

ಹೊರಡುವ ದಿನ ಶುಕ್ರವಾರ. ಹಾಳೆಯ ಪ್ರಕಾರ ಬೆಳಿಗ್ಗೆ ಆರಕ್ಕೆ ಕಾರು ಗೇಟು ದಾಟಬೇಕಿತ್ತು. ಹತ್ತು ಗಂಟೆಯಾದರೂ ಅಮ್ಮನ ಹುಳಿಯನ್ನದ ಗೊಜ್ಜು ಒಲೆಯ ಮೇಲೆ ಎಣ್ಣೆ ಬಿಡುತ್ತಲೇ ಇತ್ತು. ಹತ್ತೂವರೆಯಿಂದ ರಾಹುಕಾಲ, ಅದು ಮುಗಿಯುವುದು ಹನ್ನೆರಡಕ್ಕೆ. ರಾಹುಕಾಲದಲ್ಲಿ ಹೊಸ್ತಿಲು ದಾಟುವಂತಿಲ್ಲ, ಅದು ಮುಗಿಯುವವರೆಗೆ ಕಾದರೆ ನನ್ನ ಹಾಳೆ ಉಳಿಯುವುದಿಲ್ಲ. ಅಮ್ಮನ ಬಳಿ ಇದಕ್ಕೆ ಶಾಸ್ತ್ರೋಕ್ತವಾದ ಪರಿಹಾರವಿತ್ತು: ಪ್ರಸ್ಥಾನ. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಒಂದು ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬಂದರೆ ಹೊರಟಂತೆಯೇ ಲೆಕ್ಕ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ದೋಷವಿಲ್ಲ. ಹತ್ತು ಇಪ್ಪತ್ತಕ್ಕೆ ಅಮ್ಮ ಕೈಗೆ ಸಿಕ್ಕಿದ ನೀಲಿ ಬ್ಯಾಗನ್ನು ಎತ್ತಿಕೊಂಡುಹೋಗಿ ಪಕ್ಕದ ಮನೆಯ ಹಜಾರದಲ್ಲಿ ಇರಿಸಿ, ಕೈಮುಗಿದು ಬಂದರು. ಕಚೇರಿಯಲ್ಲಿ ಹಾಜರಿ ಹಾಕಿ ಕಾಫಿಗೆ ಹೋಗುವ ಪದ್ಧತಿಯ ಮೂಲ ಇಷ್ಟೊಂದು ಪುರಾತನವಾದುದೆಂದು ನನಗೆ ತಿಳಿದಿರಲಿಲ್ಲ. ಹೊರಟಂತೆ ಲೆಕ್ಕವಾದದ್ದರಿಂದ ಎಲ್ಲರೂ ನಿಶ್ಚಿಂತರಾಗಿ ಇನ್ನೊಂದು ಲೋಟ ಕಾಫಿ ಕುಡಿದರು. ಕಾರು ನಿಜವಾಗಿ ಹೊರಟಾಗ ಹನ್ನೆರಡೂಕಾಲು.

ಮೈಸೂರಿನ ದಾರಿಯಲ್ಲಿ ಅಪ್ಪನಿಗೆ ಇದ್ದದ್ದು ಒಂದೇ ಆಸೆ, ಮದ್ದೂರು ವಡೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆಂಬುದನ್ನು ಅವರಿಗೆ ಮೊದಲೇ ಹೇಳುವ ಧೈರ್ಯ ನನಗೆ ಸಾಲಲಿಲ್ಲ. ಮೇಲ್ಸೇತುವೆಯ ಮೇಲಿಂದ ಕೆಳಗಿನ ಅಂಗಡಿಸಾಲನ್ನು ಅವರು ನೋಡಿದ ರೀತಿ ಹೇಗಿತ್ತೆಂದರೆ, ಮುಂದೆ ಶ್ರೀರಂಗಪಟ್ಟಣ ದಾಟುವವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಮೈಸೂರಿನಲ್ಲಿ ಊಟಕ್ಕೆಂದು ನಿಂತದ್ದು ಸಂಬಂಧಿಕರ ಮನೆಯಲ್ಲಿ. ಅಲ್ಲಿಂದ ಬೇಗ ಎದ್ದು ಬಂದವರು ಯಾರಿದ್ದಾರೆ? ಹುಣಸೂರು ತಲುಪಿದಾಗ ಐದೂಮುಕ್ಕಾಲು. ಅಲ್ಲಿಂದ ಕಾಡಿನೊಳಗೆ ಹಾದು ಕುಟ್ಟಕ್ಕೆ ಹೋಗುವ ರಸ್ತೆಯ ಬಾಗಿಲನ್ನು ಸಂಜೆ ಆರಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಹೀಗಾಗಿ ಗೋಣಿಕೊಪ್ಪದ ಕಡೆಯಿಂದ ಸುತ್ತಿಕೊಂಡು ಹೋಗಬೇಕಾಯಿತು. ದಾರಿಯಲ್ಲಿ ಟೀ ಕುಡಿಯಲು ಇಳಿದಾಗ ಮಗಳು ಡಿಕ್ಕಿ ತೆರೆದು, “ಅಪ್ಪಾ, ನೀಲಿ ಬ್ಯಾಗ್ ಎಲ್ಲಿ?” ಎಂದಳು. ನಾಲ್ವರೂ ಅಮ್ಮನ ಮುಖ ನೋಡಿದೆವು. ಅಮ್ಮ ಆಕಾಶ ನೋಡಿದರು. ಪ್ರಸ್ಥಾನವು ಅದನ್ನು ಇಟ್ಟ ಪಕ್ಕದ ಮನೆಯ ಹಜಾರದಲ್ಲಿಯೇ ಭದ್ರವಾಗಿತ್ತು.

ಆ ಬ್ಯಾಗಿನಲ್ಲಿ ಇದ್ದದ್ದು ಎರಡೇ ಬಗೆಯ ಸಾಮಾನು: ಹೊಸದಾಗಿ ಕೊಂಡ ದುರ್ಬೀನು ಮತ್ತು ಕಾಡಿನಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ತೊಡಬಾರದೆಂದು ನಾನು ಹಟ ಹಿಡಿದು ಎಲ್ಲರಿಗೂ ಕೊಡಿಸಿದ್ದ ಹಸಿರು, ಮಣ್ಣಿನ ಬಣ್ಣದ ಅಂಗಿಗಳು. ಉಳಿದ ಬಟ್ಟೆಗಳಲ್ಲಿ ಅಮ್ಮನ ಮಾವಿನಹಣ್ಣಿನ ಬಣ್ಣದ ಸೀರೆಯೇ ಇದ್ದುದರಲ್ಲಿ ಸೌಮ್ಯವಾದದ್ದು.

ಕುಟ್ಟದ ವಸತಿಗೃಹ ಕಾಫಿ ತೋಟದ ನಡುವೆ ಇತ್ತು. ರಾತ್ರಿ ಊಟ ಬಡಿಸುತ್ತ ಅದರ ಯಜಮಾನರು ನನ್ನ ಸಫಾರಿ ಚೀಟಿಯನ್ನು ಇಸಿದುಕೊಂಡು ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದರು. “ಇಲ್ಲೇ ನಾಣಚ್ಚಿ ಗೇಟಿನಿಂದಲೂ ಸಫಾರಿ ಇದೆಯಲ್ಲ ಸಾರ್. ಇದು ದಮ್ಮನಕಟ್ಟೆಯದು. ಕಾಡಿನ ಆ ಕಡೆ” ಎಂದರು. ಚೀಟಿಯಲ್ಲಿ ಬೆಳಿಗ್ಗೆ ಆರಕ್ಕೆ ಮೊದಲೇ ಹಾಜರಿರಬೇಕೆಂದಿತ್ತು. ಕಾಡಿನ ಒಳದಾರಿ ತೆರೆಯುವುದೇ ಆರಕ್ಕೆ. ಇನ್ನೊಂದು ದಾರಿ ಕೇರಳದ ತೋಲ್ಪೆಟ್ಟಿ, ಕಾಟಿಕುಳಂ ಮೂಲಕ ಇಳಿದು, ಬಾವಲಿಯಲ್ಲಿ ಮತ್ತೆ ಕರ್ನಾಟಕಕ್ಕೆ ಬರುವುದು; ಆ ಬಾವಲಿಯ ಬಾಗಿಲು ತೆರೆಯುವುದೂ ಆರಕ್ಕೇ. ನಾನು ಹಾಳೆ ತೆರೆದು ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿ ನೋಡಿದೆ. ಯಾವ ಬಣ್ಣ ಬಳಿದರೂ ಆರು ಗಂಟೆಗೆ ಮೊದಲು ಆರು ಗಂಟೆ ಬರಲಿಲ್ಲ.

“ಬೆಳಗಿನ ಜಾವ ಬಾವಲಿಯಂತೆ” ಎಂದು ಅಮ್ಮ ಹಾಸಿಗೆಯಲ್ಲಿ ಅಪ್ಪನಿಗೆ ಪಿಸುಗುಟ್ಟಿದ್ದು ಕೇಳಿಸಿತು. “ಹುಲಿ ತೋರಿಸುತ್ತೇನೆ ಅಂದವನು ಈಗ ಬಾವಲಿಗೆ ಇಳಿದಿದ್ದಾನೆ.”

ಆದರೂ ಹೊರಟೆವು. ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲವೆಂಬ ಸತ್ಯಕ್ಕೆ ಮಧ್ಯಮವರ್ಗದ ಮನುಷ್ಯನನ್ನು ನಸುಕಿನ ನಾಲ್ಕಕ್ಕೆ ಎಬ್ಬಿಸುವ ಶಕ್ತಿಯಿದೆ. ಬಾವಲಿಯ ಬಾಗಿಲಲ್ಲಿ ಐದೂಮುಕ್ಕಾಲಿಗೇ ತರಕಾರಿ ಲಾರಿಗಳ ಹಿಂದೆ ಸಾಲು ಹಿಡಿದು ನಿಂತೆವು. ಬಾಗಿಲು ತೆರೆದ ಮೇಲೆ ಇಕ್ಕೆಲದಲ್ಲಿ ತೇಗ, ಬಿದಿರು, ಅವುಗಳ ಬುಡವನ್ನೆಲ್ಲ ಆವರಿಸಿದ ಲಂಟಾನದ ಪೊದೆ. ರಸ್ತೆಯುಬ್ಬುಗಳ ಕಾರಣದಿಂದ ಕಾರು ಎತ್ತಿನಗಾಡಿಯಂತೆ ಸಾಗಿತು. ಒಂದೆಡೆ ರಸ್ತೆಯ ನಡುವೆಯೇ ಆನೆಯ ಲದ್ದಿ. ಚಳಿಗಾಳಿಯಲ್ಲಿ ಅದರಿಂದ ಸಣ್ಣಗೆ ಹಬೆಯೇಳುತ್ತಿತ್ತು, ಜಗಿದ ಬಿದಿರಿನ ನಾರು ಸಹ ಎದ್ದು ಕಾಣುತ್ತಿತ್ತು. “ನಿಲ್ಲಿಸು, ಇಲ್ಲೇ ಎಲ್ಲೋ ಇದೆ” ಎಂದರು ಅಪ್ಪ. ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸುವಂತಿಲ್ಲ. ಹೀಗಾಗಿ ಬಿದಿರಿನ ಮೆಳೆಯ ಹಿಂದೆ ಬೂದುಬಣ್ಣದ ಒಂದು ಹಿಂಭಾಗ, ಅದರ ಮೇಲೆ ಆಡುವ ಒಂದು ಬಾಲ, ಇಷ್ಟನ್ನು ನಾವು ಚಲಿಸುತ್ತಲೇ ನೋಡಿದೆವು. ಆನೆಯ ಉಳಿದ ಭಾಗ ಕಾಡಿನ ಕಡೆಗಿತ್ತು.

ದಮ್ಮನಕಟ್ಟೆ ತಲುಪಿದಾಗ ಆರೂವರೆ ದಾಟಿತ್ತು. ಸಫಾರಿಯ ವಾಹನಗಳೆಲ್ಲ ಒಳಗೆ ಹೋಗಿಯಾಗಿತ್ತು. ವಾರಾಂತ್ಯವಾದ್ದರಿಂದ ಸಂಜೆಯ ಸರದಿಯೂ ಭರ್ತಿ. ಅಮ್ಮ ಹುಳಿಯನ್ನದ ಡಬ್ಬಿ ತೆರೆದರು. ಅಪ್ಪನಿಗೆ ಮಾತ್ರ ಎಲ್ಲಿಲ್ಲದ ಉಲ್ಲಾಸ ಬಂದಿತ್ತು. 1971ರಲ್ಲಿ ಇದೇ ಕಾಕನಕೋಟೆಯ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದಾಗ ಅವರು ಗೆಳೆಯರೊಂದಿಗೆ ಆನೆ ಹಿಡಿಯುವುದನ್ನು ನೋಡಲು ಹೊರಟು, ಹೆಗ್ಗಡದೇವನಕೋಟೆಯಲ್ಲಿ ಇಡ್ಲಿ ತಿನ್ನುತ್ತ ಕುಳಿತು ಬಸ್ಸು ತಪ್ಪಿಸಿಕೊಂಡು ವಾಪಸ್ಸು ಬಂದಿದ್ದರಂತೆ. ಖೆಡ್ಡಾ ನಡೆಯುತ್ತಿದ್ದ ಆ ಜಾಗ ಈಗ ಕಬಿನಿಯ ಹಿನ್ನೀರಿನಲ್ಲಿ ಮುಳುಗಿದೆ. “ಐವತ್ತು ವರ್ಷವಾದ ಮೇಲೆ ಮಗನೂ ಅದೇ ದಾರಿಯಲ್ಲಿ ತಡವಾಗಿ ಬಂದನಲ್ಲ” ಎಂದು ಅವರು ಹೇಳಿದ್ದರಲ್ಲಿ ನೋವಿರಲಿಲ್ಲ; ವಂಶ ಉದ್ಧಾರವಾದ ತೃಪ್ತಿಯಿತ್ತು.

ವಾಹನಗಳು ಹಿಂದಿರುಗಿದಾಗ ಒಂದರಿಂದ ಇಳಿದವರ ಮುಖದಲ್ಲಿಯೇ ಹುಲಿ ಕಾಣುತ್ತಿತ್ತು. ಅಮ್ಮ ಸಂಕೋಚವಿಲ್ಲದೆ ಹೋಗಿ ಒಬ್ಬ ಹುಡುಗನ ಫೋನನ್ನು ಕೈಗೆತ್ತಿಕೊಂಡು, ಕೆರೆಯ ಏರಿಯ ಮೇಲೆ ಅಡ್ಡಲಾಗಿ ಮಲಗಿದ್ದ ಹುಲಿಯ ಚಿತ್ರವನ್ನು ಕಣ್ತುಂಬ ನೋಡಿ, ಅಪ್ಪನಿಗೂ ತೋರಿಸಿದರು. “ಮೂಲದೇವರು ಗರ್ಭಗುಡಿಯಲ್ಲೇ ಇರಲಿ ಬಿಡು, ಉತ್ಸವಮೂರ್ತಿ ಹೊರಗೆ ಬಂತಲ್ಲ” ಎಂದು ಹೇಳಿ, ಆ ಹುಡುಗನಿಗೆ ಪ್ರಸಾದವೆಂಬಂತೆ ಎರಡು ಕೋಡುಬಳೆ ಕೊಟ್ಟರು.

ಆ ಸಂಜೆ ಹಿನ್ನೀರಿನ ದಡದ ವಸತಿಗೃಹದಲ್ಲಿ ನನ್ನ ಅಧ್ಯಯನ ಕೊನೆಗೂ ಫಲಿಸಿತು. ನೀರಿನಾಚೆ, ಬಹಳ ದೂರದ ಹಸಿರಿನ ಮೇಲೆ, ಕಡಲೆಕಾಳು ಚೆಲ್ಲಿದಂತೆ ಆನೆಗಳು! ದುರ್ಬೀನು ಬೆಂಗಳೂರಿನಲ್ಲಿ ವಿಶ್ರಾಂತಿ ಪಡೆಯುತ್ತಿದ್ದುದರಿಂದ ಬರಿಗಣ್ಣಿನಲ್ಲೇ ಎಣಿಸಿದೆವು. ಅಪ್ಪನ ಪ್ರಕಾರ ಹನ್ನೊಂದು, ಮಗಳ ಪ್ರಕಾರ ಹದಿನಾಲ್ಕು. ಹದಿನಾಲ್ಕಕ್ಕೇ ಒಪ್ಪಿ ನೆಂಟರಿಗೆಲ್ಲ ಸಂದೇಶ ಕಳಿಸಿದೆವು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವುಗಳಲ್ಲಿ ಆರು ಆನೆಗಳು ಅದದೇ ಜಾಗದಲ್ಲಿ ನಿಂತಿದ್ದವು. ಅಣೆಕಟ್ಟಿನ ನೀರಿನಲ್ಲಿ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಬೇಸಿಗೆಯಲ್ಲಿ ಹೊರಗೆ ಕಾಣುತ್ತವೆಂದು ಅಲ್ಲಿನ ಹುಡುಗ ತಿಳಿಸಿದ. ನೆಂಟರಿಗೆ ತಿದ್ದುಪಡಿ ಕಳಿಸಲಿಲ್ಲ.

ಹೆಗ್ಗಡದೇವನಕೋಟೆಯ ಮೇಲೆ ಹಾದು ಮೈಸೂರಿಗೆ ಬಂದು ತಿಂಡಿಗೆ ಕುಳಿತಾಗ, ಮಗಳು ನಾವು ಬಂದ ದಾರಿಯನ್ನು ಫೋನಿನ ನಕ್ಷೆಯ ಮೇಲೆ ಬೆರಳಿಟ್ಟು ಅಜ್ಜಿಗೆ ತೋರಿಸುತ್ತಿದ್ದಳು: ಮೈಸೂರು, ಹುಣಸೂರು, ಗೋಣಿಕೊಪ್ಪ, ಕುಟ್ಟ, ಬಾವಲಿ, ದಮ್ಮನಕಟ್ಟೆ, ಕೋಟೆ, ಮತ್ತೆ ಮೈಸೂರು. ಹಸಿರು ತೇಪೆಯ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ. ಅಮ್ಮ ಆ ಬೆರಳು ತಿರುಗಿದ ದಿಕ್ಕನ್ನೇ ಸ್ವಲ್ಪ ಹೊತ್ತು ಗಮನಿಸಿ, ದೋಸೆಯನ್ನು ತಟ್ಟೆಯಲ್ಲೇ ಬಿಟ್ಟರು. “ಅಯ್ಯೋ, ಎಡಸುತ್ತು ಸುತ್ತಿಸಿದ್ದೀಯಲ್ಲೋ! ಹೀಗೆ ಸುತ್ತಿದರೆ ಹುಲಿಯಲ್ಲ, ಮೊಲವೂ ಕಾಣುವುದಿಲ್ಲ.”

ರಾತ್ರಿ ಮನೆ ತಲುಪಿ ನೀಲಿ ಬ್ಯಾಗು ತರಲು ಪಕ್ಕದ ಮನೆಗೆ ಹೊರಟವನನ್ನು ಅಮ್ಮ ತಡೆದರು. ಇಟ್ಟ ಪ್ರಸ್ಥಾನವನ್ನು ಹಾಗೆಲ್ಲ ತೆಗೆಯಬಾರದಂತೆ. ಬಲಸುತ್ತು ಹೋಗಿಬರುವವರೆಗೂ ಅದು ಅಲ್ಲೇ ಇರಲಿ, ನಾವು ಹೊರಟೇ ಇದ್ದೇವೆಂದು ಲೆಕ್ಕ. ಪಕ್ಕದ ಮನೆಯವರು ಈಗ ಅದರ ಮೇಲೆ ದಿನಪತ್ರಿಕೆ ಇಡುತ್ತಿದ್ದಾರೆ.