ಆ ಮೈನಸ್ ಚಿಹ್ನೆ ಎಲ್ಲಿ ಹೋಯ್ತು ಸ್ವಾಮಿ?

ನಿನ್ನೆ ಇಲ್ಲಿ ಪುಣೆಯಲ್ಲಿ ಕನ್ನಡದವರ ಕೂಟವೊಂದರಲ್ಲಿ ವಿಜ್ಞಾನದ ಕಾರ್ಯಕ್ರಮ ಇತ್ತು. ಹೋಗಿದ್ದೆ. ತಲೆಬಿಸಿ ಇನ್ನೂ ಇಳಿದಿಲ್ಲ.

ಅತಿಥಿಗಳು ಪರದೆ ಮೇಲೆ ಚಂದದ ನೌಕೆಯೊಂದನ್ನು ತೋರಿಸಿದರು. ಸುತ್ತ ಎರಡು ದಪ್ಪ ಉಂಗುರ. "ಬೆಳಕನ್ನೂ ಹಿಂದೆ ಹಾಕೋ ನೌಕೆ, ನಾಸಾದವರು ಕಟ್ತಾ ಇದ್ದಾರೆ. ನಿಮ್ಮ ಮಕ್ಕಳು ಇದರಲ್ಲಿ ಕೂತು ಹೋಗ್ತಾರೆ" ಅಂದರು. ಚಪ್ಪಾಳೆಯೋ ಚಪ್ಪಾಳೆ. ರೀ, ಅದು ಮಾರ್ಕ್ ರೇಡ್‌ಮೇಕರ್ ಅನ್ನೋ ಕಲಾವಿದ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ! ನಾಸಾದಲ್ಲಿದ್ದ ಹೆರಾಲ್ಡ್ ವೈಟ್ ಅವರ ಲೆಕ್ಕಾಚಾರ ಆಧರಿಸಿ ಮಾಡಿದ್ದು. 2014ರಿಂದ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇದೆ.

ಮೂಲ ಕಲ್ಪನೆ ಮಿಗೆಲ್ ಅಲ್ಕುಬಿಯೆರೆ ಅನ್ನೋ ಭೌತವಿಜ್ಞಾನಿಯದು, 1994ರ ಪೇಪರಿನದು. ನೌಕೆ ಓಡುವುದೇ ಇಲ್ಲ. ಮುಂದಿನ ಜಾಗ ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ. ನಡುವಿನ ಗುಳ್ಳೆಯಲ್ಲಿ ನೌಕೆ ಸುಮ್ನೆ ಇರುತ್ತದೆ. ಐನ್‌ಸ್ಟೈನ್ ಸಮೀಕರಣಗಳಿಗೆ ಇದು ಒಪ್ಪಿಗೆ. ಅತಿಥಿಗಳು ಇಷ್ಟನ್ನು ಚೆನ್ನಾಗಿಯೇ ಹೇಳಿದರು. ಅಲ್ಲಿಗೇ ನಿಲ್ಲಿಸಿದರು. ಹೋಟೆಲಿನಲ್ಲಿ ಬಿಲ್ ಬರೋ ಹೊತ್ತಿಗೆ ಕೈ ತೊಳೆಯೋಕೆ ಎದ್ದು ಹೋಗೋ ಗೆಳೆಯನ ಹಾಗೆ.

ಬಿಲ್ ಏನು ಗೊತ್ತಾ? ಋಣ ಶಕ್ತಿ, ಅಂದರೆ ಸೊನ್ನೆಗಿಂತ ಕಡಿಮೆ ಇರೋ ಮೈನಸ್ ಶಕ್ತಿ. ಅಲ್ಕುಬಿಯೆರೆ ಅದನ್ನು ಮುಚ್ಚಿಟ್ಟಿಲ್ಲ, ಆ ಪೇಪರಿನಲ್ಲೇ ಬರೆದಿದ್ದಾರೆ. ಅದು ಎಷ್ಟು ಬೇಕು ಅಂತ 1997ರಲ್ಲಿ ಫೆನಿಂಗ್ ಮತ್ತು ಫೋರ್ಡ್ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿದರು. ಕಾಣುವ ಇಡೀ ವಿಶ್ವವನ್ನು ಶಕ್ತಿಯಾಗಿ ಬದಲಿಸಿದರೂ ಸಾಲದು ಅಂತ ಬಂತು. ವೈಟ್ ಉಂಗುರದ ಆಕಾರ ಬದಲಿಸಿ ಅದನ್ನು ಸುಮಾರು 700 ಕೆಜಿ ವಸ್ತುವಿಗೆ ಸಮನಾದ ಶಕ್ತಿಗೆ ಇಳಿಸಿದರು. ಪರವಾಗಿಲ್ವೇ ಅಂತೀರಾ? ಮೈನಸ್ 700 ರೀ! ಮೈನಸ್ ಒಂದು ಗ್ರಾಂ ಇಲ್ಲಿನ ತುಳಸಿಬಾಗ್ ಮಾರ್ಕೆಟಿನಲ್ಲೂ ಸಿಗಲ್ಲ. ಎರಡು ಲೋಹದ ತಗಡುಗಳನ್ನು ತೀರಾ ಹತ್ತಿರ ತಂದರೆ ನಡುವೆ ಅಂಥದ್ದೇನೋ ಆಗುತ್ತದೆ, ಕ್ಯಾಸಿಮಿರ್ ಪರಿಣಾಮ ಅಂತಾರೆ, ನಿಜ. ಆದರೆ ಅದು ಎಷ್ಟು ಚಿಕ್ಕದು ಅಂದರೆ ಅಳೆಯೋದೇ ಸಾಹಸ. ಇನ್ನೊಂದು ತಮಾಷೆ: ಬೆಳಕಿನ ವೇಗ ದಾಟಿದ ಮೇಲೆ ಒಳಗಿದ್ದವರ ಸಂಕೇತ ಗುಳ್ಳೆಯ ಮುಂಭಾಗ ತಲುಪುವುದೇ ಇಲ್ಲ. ಬ್ರೇಕ್ ಹಾಕೋದು ಹೇಗೆ?

ಪಕ್ಕದಲ್ಲಿದ್ದವರು ಕೇಳಿದರು, "2021ರಲ್ಲಿ ಬಾಬ್ರಿಕ್, ಮಾರ್ಟೈರ್ ಅನ್ನೋ ವಿಜ್ಞಾನಿಗಳು ಮಾಮೂಲಿ ಶಕ್ತಿಯಲ್ಲೇ ಆಗುತ್ತೆ ಅಂದ್ರಲ್ಲ?" ಅವರು ಹಾಗಂದಿದ್ದು ಹೌದು. ಆದರೆ ಬೆಳಕಿಗಿಂತ ನಿಧಾನವಾಗಿ ಹೋಗೋ ಗುಳ್ಳೆಗೆ ಮಾತ್ರ. ಅದನ್ನು ಓಡಿಸೋಕೆ ಬೇರೆ ಇಂಜಿನ್ನೂ ಬೇಕು.

"ಮಕ್ಕಳಿಗೆ ಸ್ಫೂರ್ತಿ ಸಿಗಲಿ ಬಿಡಿ" ಅನ್ನೋರು ಬೇರೆ. ಮುಂದಿನ ಸಾಲಿನಲ್ಲಿ ಏಳೆಂಟು ವರ್ಷದ ಹುಡುಗ ಕೂತಿದ್ದ, ಕೈಯಲ್ಲಿ ಅರ್ಧ ತಿಂದ ಬಾಕರವಡಿ. ಎದ್ದು ನಿಂತು, "ಅಂಕಲ್, ಅದಕ್ಕೆ ಪೆಟ್ರೋಲ್ ಯಾವ್ದು?" ಅಂದ. ಇಡೀ ಸಂಜೆಯ ಏಕೈಕ ವಿಜ್ಞಾನದ ಪ್ರಶ್ನೆ! "ಅದೆಲ್ಲ ಮುಂದೆ ಕಂಡುಹಿಡೀತಾರೆ ಪುಟ್ಟಾ" ಅಂತ ಕೂರಿಸಿದರು. ಇದಾ ಸ್ಫೂರ್ತಿ?

ನಿಜ ಹೇಳ್ತೀನಿ, ಅಲ್ಕುಬಿಯೆರೆ ಪೇಪರ್ ಕೈಗೆತ್ತಿಕೊಂಡರೆ ನನಗೆ ಈಗಲೂ ಊಟ ನೆನಪಾಗಲ್ಲ. ವಾಯೇಜರ್ 1 ನೌಕೆಯ ವೇಗದಲ್ಲಿ ಹೋದರೆ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ಪ್ರಾಕ್ಸಿಮಾ ನಕ್ಷತ್ರಕ್ಕೆ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಆಸೆ ಯಾರಿಗಿಲ್ಲ? ಆದರೆ ಆ ಮೈನಸ್ಸಿನಲ್ಲೇ ಅಲ್ವಾ ಮಜಾ ಇರೋದು! ಅದನ್ನೇ ನುಂಗಿಬಿಟ್ಟರೆ ಏನುಳಿಯಿತು?

ಆ ಹುಡುಗನ ಅಮ್ಮನಿಗೆ ಹೇಳಿದ್ದೀನಿ, ಫೆಬ್ರವರಿ 28ಕ್ಕೆ ಇಲ್ಲಿನ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದಲ್ಲಿ ಜನರಿಗೆ ಬಾಗಿಲು ತೆರೀತಾರೆ, ಕರ್ಕೊಂಡು ಹೋಗಿ ಅದೇ ಪ್ರಶ್ನೆ ಕೇಳಿಸಿ ಅಂತ. ನಮ್ಮ ಕೂಟದಲ್ಲಿ ಮುಂದಿನ ತಿಂಗಳ ವಿಷಯ 'ಕ್ವಾಂಟಂ ಮತ್ತು ಧ್ಯಾನ' ಅಂತೆ. ನಾನಂತೂ ಊರಲ್ಲಿರಲ್ಲ.